ಕೊಳಗ ಯಾರ ಕೈಯಲ್ಲಿ? ಅಜ್ಜನ ಗದ್ದೆ ಮತ್ತು ಕಾಗೋಡಿನ ಕಥೆ

ಈ ವಾರದ ಎಪಿಸೋಡ್‌ನಲ್ಲಿ ರಾಜರಿಲ್ಲ, ಕೋಟೆ ಇಲ್ಲ. 2 ಎಕರೆ 10 ಗುಂಟೆ ಗದ್ದೆ ಇದೆ, ಭತ್ತ ಅಳೆಯೋ ಒಂದು ಕೊಳಗ ಇದೆ, ಮತ್ತೆ ನನ್ನ ಅಜ್ಜ ಇದಾನೆ.

ಅಜ್ಜ ಹೋದ ಮಳೆಗಾಲದಲ್ಲಿ ತೀರಿಕೊಂಡ. ಆಧಾರ್ ಕಾರ್ಡ್ ಪ್ರಕಾರ ಅವನು ಹುಟ್ಟಿದ್ದು 1931ರ ಜನವರಿ 1. ಅವನ ವಯಸ್ಸಿನ ಹಳ್ಳಿಯವರ ಕಾರ್ಡ್ ನೋಡಿ, ಅರ್ಧ ಊರು ಜನವರಿ 1ಕ್ಕೇ ಹುಟ್ಟಿರುತ್ತೆ! ನಿಜವಾದ ತಾರೀಕು ಯಾರೂ ಬರೆದಿಟ್ಟಿರಲಿಲ್ಲ. ನಮ್ಮೂರು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಕಾಗೋಡು. ಆ ಹೆಸರು ನಿಮ್ಮಲ್ಲಿ ಕೆಲವರಿಗೆ ಪಾಠದ ಪುಸ್ತಕದ ಒಂದು ಸಾಲಾಗಿ ನೆನಪಿರಬಹುದು. ನಮ್ಮನೆಯಲ್ಲಿ ಅದು ಊಟದ ಹೊತ್ತಿನ ಮಾತು.

ಮೊದಲು ಕೊಳಗ ಅಂದ್ರೇನು ಹೇಳ್ತೀನಿ. ಕಣದಲ್ಲಿ ಭತ್ತ ಅಳೆಯೋ ಪಾತ್ರೆ ಅದು. 20 ಕೊಳಗ ಸೇರಿದ್ರೆ ಒಂದು ಖಂಡುಗ. ಅಳೆಯುವಾಗ ಮೊದಲನೇ ಕೊಳಗಕ್ಕೆ 'ಒಂದು' ಅನ್ನಲ್ಲ, 'ಲಾಭ' ಅಂತಾರೆ. ಲಾಭ, ಎರಡು, ಮೂರು... ಹೀಗೆ ಎಣಿಕೆ. ನಾನು ಓದಿದ್ದು ಬಿ.ಕಾಂ. ಬ್ಯಾಲೆನ್ಸ್ ಶೀಟ್‌ನಲ್ಲಿ ಲಾಭ ಕೊನೆಗೆ ಬರುತ್ತೆ, ಖರ್ಚೆಲ್ಲ ಕಳೆದ ಮೇಲೆ. ಕಣದಲ್ಲಿ ಅದು ಮೊದಲೇ ಬರುತ್ತೆ. ಆದ್ರೆ ಅಜ್ಜ ಹುಡುಗನಾಗಿದ್ದಾಗ ಆ 'ಲಾಭ' ಹೋಗ್ತಿದ್ದದ್ದು ಒಡೆಯರ ಮನೆಗೆ.

ಅಜ್ಜನ ಅಪ್ಪ ಗೇಣಿದಾರ. ಅಂದ್ರೆ ಗದ್ದೆ ಒಡೆಯರದ್ದು, ಉಳೋದು ಇವರು, ಸುಗ್ಗಿ ಆದ ಕೂಡಲೇ ಇಷ್ಟು ಖಂಡುಗ ಭತ್ತ ಗೇಣಿ ಅಂತ ಕೊಡಬೇಕು. ಮಳೆ ಹೆಚ್ಚಾದ್ರೂ ಅಷ್ಟೇ, ಕಡಿಮೆಯಾದ್ರೂ ಅಷ್ಟೇ. ಸಾಲದ್ದಕ್ಕೆ ಅಳೆಯೋ ಕೊಳಗ ಒಡೆಯರದ್ದೇ. ಗೇಣಿ ತಗೊಳ್ಳೋಕೆ ಬಳಸ್ತಿದ್ದ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ಡದು ಅನ್ನೋದೇ ಸಾಗರ ಸೀಮೆಯ ಗೇಣಿದಾರರ ದೊಡ್ಡ ದೂರು.

ಸುಮ್ನೆ ಒಂದು ಲೆಕ್ಕ ಹಾಕೋಣ. ಗೇಣಿ 10 ಖಂಡುಗ ಅಂತ ಮಾತು. ಅಂದ್ರೆ 200 ಕೊಳಗ. ಒಂದೊಂದು ಕೊಳಗದಲ್ಲೂ 3 ಸೇರು ಹೆಚ್ಚು ಹಿಡಿಸುತ್ತೆ ಅಂದ್ಕೊಳ್ಳಿ. ಒಟ್ಟು 600 ಸೇರು ಭತ್ತ ಎಕ್ಸ್‌ಟ್ರಾ ಹೋಯ್ತು. ಆದ್ರೆ ಮಾತಿನಲ್ಲಿ, ಲೆಕ್ಕದಲ್ಲಿ ಉಳಿಯೋದು '10 ಖಂಡುಗ' ಅಷ್ಟೇ. ಇವತ್ತು ಆ್ಯಪ್‌ನಲ್ಲಿ ಏನಾದ್ರೂ ಆರ್ಡರ್ ಮಾಡಿದ್ರೆ ಕೊನೇ ಸ್ಕ್ರೀನ್‌ನಲ್ಲಿ ಏನೇನೋ ಚಾರ್ಜ್ ಸೇರಿರುತ್ತಲ್ಲ, ಅಲ್ಲಿ ಕಣ್ಣಿಗಾದ್ರೂ ಕಾಣುತ್ತೆ. ಇದು ಕಾಣ್ತಾನೇ ಇರ್ಲಿಲ್ಲ.

1951ರ ಏಪ್ರಿಲ್ 18. ಸ್ವಾತಂತ್ರ್ಯ ಬಂದು ಇನ್ನೂ 4 ವರ್ಷ ತುಂಬಿರಲಿಲ್ಲ. ಕಾಗೋಡಿನ ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದರು. ಇವರನ್ನ ಸಂಘಟಿಸಿದವರಲ್ಲಿ ಮುಖ್ಯರು ಎಚ್. ಗಣಪತಿಯಪ್ಪ. ಬೆನ್ನಿಗೆ ನಿಂತದ್ದು ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗದ್ದೆಗಿಳಿದವರನ್ನ ಪೊಲೀಸರು ಹಿಡಿದು ಜೈಲಿಗೆ ಹಾಕಿದರು, ಮಾರನೇ ದಿನ ಇನ್ನೊಂದು ತಂಡ ಇಳೀತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರೂ ಬಂಧನಕ್ಕೊಳಗಾದರು. ಅಲ್ಲಿಗೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯ್ತು.

ಅಜ್ಜ ಜೈಲಿಗೆ ಹೋದವನಲ್ಲ. ಇದನ್ನ ಸ್ಪಷ್ಟವಾಗಿ ಹೇಳಬೇಕು, ಯಾಕಂದ್ರೆ ತೀರಿಕೊಂಡವರನ್ನ ನೆನೆಯುವಾಗ ನಾವು ಅವರನ್ನ ಹೋರಾಟಗಾರರನ್ನಾಗಿ ಮಾಡಿಬಿಡ್ತೀವಿ. ಆಗ ಅವನಿಗೆ ಹೆಚ್ಚುಕಡಿಮೆ 20. ಅಪ್ಪನಿಗೆ ಹುಷಾರಿಲ್ಲ, ಇಬ್ಬರು ತಂಗಿಯರು ಮನೆಯಲ್ಲಿದ್ದರು. ಗದ್ದೆ ಬಿಡಿಸಿಬಿಟ್ಟರೆ ಊಟಕ್ಕೆ ಏನು ಅನ್ನೋ ಭಯ ಅವನಿಗಿತ್ತು. ಜೈಲಿಗೆ ಹೋದವರ ಮನೆಗೆ ಕತ್ತಲಾದ ಮೇಲೆ ಅಕ್ಕಿ ತಲುಪಿಸಿ ಬರ್ತಿದ್ದ. ಅಷ್ಟೇ ಅವನ ಪಾಲು. 'ಹೆದರಿಕೊಂಡೇ ಹೋಗ್ತಿದ್ದೆ' ಅಂತ ನಗ್ತಾ ಹೇಳೋನು.

ಸತ್ಯಾಗ್ರಹ ಮುಗಿದಾಗ ಗೇಣಿದಾರರ ಕೈಗೆ ಭೂಮಿ ಬರಲಿಲ್ಲ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಗೇಣಿಯ ಮಾತು ಅಲ್ಲಿಗೂ ತಲುಪಿತು. ಆದ್ರೆ ಹಳ್ಳಿಯ ಕಣದಲ್ಲಿ ಅದೇ ಕೊಳಗ. ಅಜ್ಜ ಮುಂದೆ 20 ವರ್ಷಕ್ಕೂ ಹೆಚ್ಚು ಕಾಲ ಗೇಣಿ ಅಳೆದ.

ಈ ನಡುವೆ ಇನ್ನೊಂದು ಆಯ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯ್ತು. ಶರಾವತಿ ಕಣಿವೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಅದರಲ್ಲಿ ನನ್ನ ಅಜ್ಜಿಯ ತವರೂ ಒಂದು. ಅವರೂ ಗೇಣಿದಾರರೇ. ಈ ತಾರೀಕು ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿ ಆದರು. ರಾಜ್ಯದಲ್ಲಿ 1961ರ ಭೂ ಸುಧಾರಣಾ ಕಾಯ್ದೆ ಮೊದಲೇ ಇತ್ತು. ಅದಕ್ಕೆ ತಂದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಅವತ್ತಿನಿಂದ ಸರ್ಕಾರದ್ದು. ಉಳುತ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದ್ರೆ, ತಾಲ್ಲೂಕಿನ ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಹಕ್ಕು ಕೊಡುತ್ತೆ. ನಮ್ಮ ಕಡೆ ಇದಕ್ಕೆ 'ಡಿಕ್ಲರೇಷನ್ ಹಾಕೋದು' ಅಂತಾರೆ. ಅರ್ಜಿಯ ಗಡುವು ಮುಂದಕ್ಕೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ನಿಂತಿತು.

ಅಜ್ಜ ಡಿಕ್ಲರೇಷನ್ ಹಾಕಿದ. ಹಾಕೋದು ಸುಲಭದ ಮಾತಲ್ಲ. ದಿನಾ ಎದುರಿಗೆ ಸಿಗೋ ಒಡೆಯರ ಮೇಲೆ ಕಾಗದ ಬರೆದ ಹಾಗೆ. ಜೊತೆಗೆ ಸಾಕ್ಷಿ ಎಲ್ಲಿ? ಇಷ್ಟು ವರ್ಷ ಗೇಣಿ ಕೊಟ್ಟಿದ್ದಕ್ಕೆ ಚೀಟಿ ಇರ್ಲಿಲ್ಲ. ಆದ್ರೆ ಆಗ ಮಂಡಳಿಯ ಮುಂದೆ ವಕೀಲರು ವಾದ ಮಾಡೋ ಹಾಗಿರ್ಲಿಲ್ಲ. ಅಕ್ಕಪಕ್ಕದ ಗದ್ದೆಯವರು ಬಂದು 'ಇವನೇ ಉಳ್ತಿದ್ದ, ನಾವು ನೋಡಿದೀವಿ' ಅಂದರು. 1981ರಲ್ಲಿ ಆದೇಶ ಬಂತು. ಆ ಕಾಗದ ಇವತ್ತೂ ಪ್ಲಾಸ್ಟಿಕ್ ಕವರ್‌ನಲ್ಲಿ, ಅಜ್ಜನ ಟ್ರಂಕಿನಲ್ಲಿದೆ. ಆ ವರ್ಷದ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಡೋಕೆ ಹೋದಾಗ ಅಜ್ಜ ತುಂಬ ಹೊತ್ತು ವಾಪಸ್ ಬರಲೇ ಇಲ್ಲವಂತೆ. ಅಜ್ಜಿ ಹೇಳಿದ್ದು.

ಈಗ ಅಜ್ಜಿಯ ತವರಿಗೆ ಬರೋಣ. ಅವರು ಗೇಣಿಗೆ ಮಾಡ್ತಿದ್ದ ಗದ್ದೆ ನೀರಿಗೆ ಹೋಗಿದ್ದು 1964ರಲ್ಲಿ. ಕಾನೂನು ಬಂದಿದ್ದು 1974ರಲ್ಲಿ. ಅವರು ಯಾವ ಗದ್ದೆ ತೋರಿಸಿ ಡಿಕ್ಲರೇಷನ್ ಹಾಕೋದು? ಒಂದೇ ಮನೆಯ ಗಂಡ–ಹೆಂಡತಿ. ಅವನ ಕಡೆಗೆ ಭೂಮಿ ಬಂತು, ಅವಳ ಕಡೆಗೆ ಬರಲಿಲ್ಲ. ಇನ್ನು ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿಕೊಂಡಿದ್ದವರಿಗಂತೂ ಫಾರಂ 7ರಲ್ಲಿ ಜಾಗವೇ ಇರ್ಲಿಲ್ಲ. ಇನ್ನೊಂದು ಕಡೆ, ಒಂದೆರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕ್ತಿದ್ದ ವಿಧವೆಯರೂ ಜಮೀನು ಕಳ್ಕೊಂಡರು. 'ಉಳುವವನೇ ಹೊಲದೊಡೆಯ' ದೊಡ್ಡ ಬದಲಾವಣೆಯೇ, ಅನುಮಾನ ಇಲ್ಲ. ಆದ್ರೆ ಅದು ಎಲ್ಲರ ಮನೆಗೂ ಒಂದೇ ಥರ ಬರಲಿಲ್ಲ.

ಅಜ್ಜನಿಗೆ ಇದು ಗೊತ್ತಿತ್ತು. ಹೇಗೆ ಹೇಳ್ತೀನಿ ಅಂದ್ರೆ, ಗದ್ದೆ ಅವನದಾದ ಮೇಲೆ ನಾಟಿಗೆ, ಕೊಯ್ಲಿಗೆ ಕೂಲಿಯವರು ಬರ್ತಿದ್ದರು. ಕೂಲಿ ಭತ್ತದಲ್ಲಿ. ಅಳೆಯುವಾಗ ಅಜ್ಜ ಕೊಳಗ ಮುಟ್ತಿರಲಿಲ್ಲ. 'ನೀವೇ ಅಳ್ಕೊಳ್ಳಿ' ಅಂತ ಅವರ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲೋನು. ನಮ್ಮಪ್ಪ ಸಣ್ಣವನಿದ್ದಾಗ 'ಅವರು ಒತ್ತಿ ತುಂಬ್ತಾರೆ' ಅಂದಿದ್ದಕ್ಕೆ ಬೈಸಿಕೊಂಡಿದ್ದನಂತೆ.

ಈ ಕಥೆ ಹೇಳಿದಾಗೆಲ್ಲ ಅಜ್ಜಿ ಒಂದು ಮಾತು ಸೇರಿಸ್ತಾಳೆ: ಕೊಳಗ ಅವರ ಕೈಗೇ ಕೊಟ್ಟ, ಸರಿ, ಆದ್ರೆ ಹೆಂಗಸರ ಕೂಲಿ ಗಂಡಸರಿಗಿಂತ ಕಡಿಮೆ ಅಂತ ಮೊದಲೇ ಹೇಳಿಟ್ಟಿರೋನು, ಎಲ್ಲರ ಹಾಗೆ. ಅಜ್ಜ ಇದಕ್ಕೆ ಯಾವತ್ತೂ ಉತ್ತರ ಕೊಡಲಿಲ್ಲ. ನನಗೆ ಅವನ ಮೇಲಿರೋ ಪ್ರೀತಿ ಇದರಿಂದ ಕಡಿಮೆಯಾಗಲ್ಲ. ಆದ್ರೆ ಅಜ್ಜಿಯ ಮಾತು ಬಿಟ್ಟು ಎಪಿಸೋಡ್ ಮಾಡಿದ್ರೆ ಅದು ಅವನ ಬದುಕಿನ ಅರ್ಧ ಲೆಕ್ಕ ಆಗುತ್ತೆ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದೀನಿ? ಆ ಗದ್ದೆಯ ಪಹಣಿಯಲ್ಲಿ ಅಜ್ಜನ ಹೆಸರು ತೆಗೆದು ಐದು ಜನ ವಾರಸುದಾರರ ಹೆಸರು ಸೇರಿಸಬೇಕು. ಬೆಂಗಳೂರಿನಲ್ಲಿರೋ ನಮಗೆ ಯಾರಿಗೂ ಉಳೋಕೆ ಬರಲ್ಲ. 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. 79ಎ, 79ಬಿ ಕಲಂಗಳು ಹೋದವು. ಜೋಗದ ದಾರಿ ಹತ್ತಿರ ಇರೋದರಿಂದ ಹೋಂಸ್ಟೇ ಮಾಡ್ತೀವಿ ಅಂತ ಕೇಳಿಕೊಂಡು ಬಂದವರಿದ್ದಾರೆ. ಒಳ್ಳೇ ರೇಟು. ಮನೆಯಲ್ಲಿ ಸಾಲ ಇರೋರೂ ಇದಾರೆ, ಅವರಿಗೆ ದುಡ್ಡು ನಿಜವಾಗಿ ಬೇಕು. ಅವರನ್ನ ತಪ್ಪು ಅನ್ನಲಾರೆ.

ನನ್ನ ವೋಟು ಮಾತ್ರ ಮಾರೋದು ಬೇಡ ಅಂತ. ಸದ್ಯ ಆ ಗದ್ದೆ ಮಾಡ್ತಿರೋದು ಊರಲ್ಲೇ ಇರೋ ಚಿಕ್ಕಪ್ಪ. ಅವರು ಉಳುವಷ್ಟು ದಿನ ಅದು ಗದ್ದೆಯಾಗಿಯೇ ಇರಲಿ, ಸಾಲದ ದಾರಿ ನಾವು ಬೆಂಗಳೂರಿನವರು ಬೇರೆ ನೋಡೋಣ ಅಂತ ಹೇಳಿದೀನಿ. ದೀಪಾವಳಿಗೆ ಎಲ್ಲರೂ ಸೇರಿದಾಗ ತೀರ್ಮಾನ. ನಾನು ಸೋಲಬಹುದು. ಸೋತರೂ, ಎಂಥ ಜಮೀನು ಮಾರ್ತಿದೀವಿ ಅಂತ ಸಹಿ ಹಾಕೋ ಐದೂ ಜನಕ್ಕೆ ಗೊತ್ತಿರಲಿ.

ನಿಮಗೂ ಒಂದು ಕೆಲಸ ಕೊಡ್ತೀನಿ. ಊರಲ್ಲಿ ಜಮೀನಿದ್ರೆ ಭೂಮಿ ವೆಬ್‌ಸೈಟ್‌ನಲ್ಲಿ ಪಹಣಿ ತೆಗೀರಿ. ಕಾಲಂ 9ರಲ್ಲಿ ಮಾಲೀಕರು, ಕಾಲಂ 12ರಲ್ಲಿ ಸಾಗುವಳಿ. ಅದೇ ಸರ್ವೆ ನಂಬರಿನ 1970ರ ದಶಕದ ಕೈಬರಹದ ಪಹಣಿಯನ್ನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಲ್ಲಿ ಕೇಳಿ. ಎರಡನ್ನೂ ಪಕ್ಕ ಪಕ್ಕ ಇಡಿ. ಹೆಸರು ಬದಲಾಗಿದ್ರೆ ಮನೆಯ ಹಿರಿಯರ ಹತ್ರ ಕೂತು ಯಾಕೆ ಅಂತ ಕೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅಜ್ಜನನ್ನ ಕೇಳಿದ ಮೇಲೆ ಅಜ್ಜಿಯನ್ನೂ ಕೇಳೋದು ಮರೀಬೇಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.