ಮೇದೋಜೀರಕ ಗ್ರಂಥಿಯ ನ್ಯೂರೋಎಂಡೋಕ್ರೈನ್ ಗಡ್ಡೆ: ಶಸ್ತ್ರಚಿಕಿತ್ಸೆಯ ನಿರ್ಧಾರ

ಜಠರದ ಹಿಂಭಾಗದಲ್ಲಿ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯಲ್ಲಿ, ಹಾರ್ಮೋನು ತಯಾರಿಸುವ ಬಗೆಯ ಜೀವಕೋಶಗಳಿಂದ ಹುಟ್ಟುವ ಅಪರೂಪದ ಗಡ್ಡೆ ಇದು. ಈ ಗ್ರಂಥಿಯ ಸಾಮಾನ್ಯ ಕ್ಯಾನ್ಸರಿನಷ್ಟು ಉಗ್ರವಲ್ಲ. ವರ್ಷಗಟ್ಟಲೆ ಬೆಳೆಯದೆ ಇದ್ದಲ್ಲೇ ಇರುವುದೂ ಉಂಟು, ಯಕೃತ್ತಿಗೆ ಹರಡುವುದೂ ಉಂಟು. ಒಂದೇ ಸ್ಕ್ಯಾನ್ ನೋಡಿ ಒಂದು ಆಸ್ಪತ್ರೆ ತೆಗೆಯೋಣ ಎಂದರೆ ಇನ್ನೊಂದು ಕಾದು ನೋಡೋಣ ಎನ್ನುವುದಕ್ಕೆ ಈ ಇಬ್ಬಗೆಯ ಸ್ವಭಾವವೇ ಮೂಲ.

ಗಡ್ಡೆ ಹಾರ್ಮೋನು ಸುರಿಸುತ್ತಿದ್ದರೆ ಭಿನ್ನಾಭಿಪ್ರಾಯ ಕಡಿಮೆ. ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನೋಮ ಇದಕ್ಕೆ ಉದಾಹರಣೆ. ಖಾಲಿ ಹೊಟ್ಟೆಯಲ್ಲಿ ರೋಗಿ ಬೆವರುತ್ತಾನೆ, ನಡುಗುತ್ತಾನೆ, ಅಸಂಬದ್ಧವಾಗಿ ಮಾತಾಡುತ್ತಾನೆ. ಸಕ್ಕರೆ ನೀರು ಕುಡಿಸಿದರೆ ಸರಿಹೋಗುತ್ತಾನೆ. ಮೂರ್ಛೆರೋಗವೆಂದೋ ಮಾನಸಿಕ ಕಾಯಿಲೆಯೆಂದೋ ಬಹುಕಾಲ ಮದ್ದು ನುಂಗಿದವರಿದ್ದಾರೆ. ಇಂಥ ಗಡ್ಡೆಯನ್ನು ತೆಗೆದು ರೋಗಿಯನ್ನು ಗುಣಪಡಿಸಿದ ಮೊದಲ ಶಸ್ತ್ರಚಿಕಿತ್ಸೆ 1929ರಲ್ಲಿ ಟೊರಾಂಟೊದಲ್ಲಿ ರೋಸ್ಕೋ ಗ್ರಹಾಂ ಕೈಯಿಂದ ನಡೆಯಿತು. ಹತ್ತರಲ್ಲಿ ಒಂಬತ್ತರಷ್ಟು ಇನ್ಸುಲಿನೋಮಗಳು ಹರಡುವ ಜಾತಿಯವಲ್ಲ. ಗ್ರಂಥಿಯ ಮುಖ್ಯ ನಾಳದಿಂದ 2–3 ಮಿಲಿಮೀಟರ್ ದೂರವಿದ್ದರೂ ಸಾಕು, ಸುತ್ತಲಿನ ಅಂಗಾಂಶಕ್ಕೆ ಕೈಹಚ್ಚದೆ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುತ್ತಾರೆ.

ಹಾರ್ಮೋನಿನ ಲಕ್ಷಣ ತೋರದ ಸಣ್ಣ ಗಡ್ಡೆಯೇ ನಿಜವಾದ ಪೇಚು. ಇನ್ನಾವುದೋ ಕಾರಣಕ್ಕೆ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. 2 ಸೆಂಟಿಮೀಟರ್ ದಾಟಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಸಲಹೆ. ಅದಕ್ಕಿಂತ ಚಿಕ್ಕದಾಗಿ, ತೊಂದರೆ ಕೊಡದಿದ್ದರೆ ಯುರೋಪಿನ ಮಾರ್ಗಸೂಚಿ ನಿಗಾದಲ್ಲಿಡಲು ಒಪ್ಪುತ್ತದೆ. ಉತ್ತರ ಅಮೆರಿಕದ ತಜ್ಞರ 2020ರ ಒಮ್ಮತವು 1ರಿಂದ 2 ಸೆಂಟಿಮೀಟರಿನ ಗಡ್ಡೆಯ ವಿಷಯವನ್ನು ರೋಗಿಯ ವಯಸ್ಸು, ಆರೋಗ್ಯ, ಇಚ್ಛೆಗಳನ್ನು ನೋಡಿ ತೀರ್ಮಾನಿಸಬೇಕೆಂದು ಬಿಟ್ಟಿದೆ. ಮುಖ್ಯ ನಾಳ ಹಿಗ್ಗಿದ್ದರೆ ಅಳತೆ ಚಿಕ್ಕದೆಂದು ಯಾರೂ ಸುಮ್ಮನಿರುವುದಿಲ್ಲ. ಗಡ್ಡೆಯ ದರ್ಜೆಯನ್ನೂ ನೋಡುತ್ತಾರೆ: ಜೀವಕೋಶಗಳು ವಿಭಜನೆಯಾಗುವ ವೇಗವನ್ನು ಹೇಳುವ ಕೆಐ-67 ಪ್ರಮಾಣ ಶೇ. 3ಕ್ಕಿಂತ ಕಡಿಮೆಯಿದ್ದರೆ ಮೊದಲ ದರ್ಜೆ, ಶೇ. 20 ಮೀರಿದರೆ ಮೂರನೆಯದು. ಆದರೆ ಬಯಾಪ್ಸಿಯ ಸೂಜಿಯಲ್ಲಿ ಬಂದ ಚೂರು ಇಡೀ ಗಡ್ಡೆಯ ಗುಣವನ್ನು ಹೇಳದೆಯೂ ಇರಬಹುದು.

ಗಡ್ಡೆ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಗ್ರಂಥಿಯ ಬಾಲದ ಕಡೆಯಿದ್ದರೆ ಆ ತುದಿಯನ್ನು, ಹಲವು ಬಾರಿ ಗುಲ್ಮದೊಂದಿಗೆ, ಲ್ಯಾಪರೊಸ್ಕೋಪಿಯಲ್ಲಿ ತೆಗೆಯಬಹುದು. ತಲೆಯ ಭಾಗದಲ್ಲಿದ್ದರೆ ವಿಪ್ಪಲ್ ಶಸ್ತ್ರಚಿಕಿತ್ಸೆ ಬೇಕಾಗಬಹುದು: ಗ್ರಂಥಿಯ ತಲೆ, ಡ್ಯುವೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ, ಪಿತ್ತನಾಳದ ತುಂಡು ತೆಗೆದು, ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಜಠರವನ್ನೂ ಕರುಳಿಗೆ ಹೊಲಿಯುತ್ತಾರೆ. ಆ ಹೊಲಿಗೆಯಲ್ಲಿ ಜೀರ್ಣರಸ ಸೋರಿದರೆ ಸೋಂಕು, ರಕ್ತಸ್ರಾವದ ಭಯ. ವಿಚಿತ್ರವೆಂದರೆ ಈ ರೋಗಿಗಳ ಗ್ರಂಥಿ ಮೆತ್ತಗೆ, ನಾಳ ಸಪೂರ. ಹಾಗಾಗಿ ಸೋರಿಕೆಯ ಸಂಭವ ಹೆಚ್ಚು.

ಇಂಥ ಕಡೆ ಆಸ್ಪತ್ರೆಯ ಕೈಪಳಗಿಕೆ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಹಿರಿಯ ನಾಗರಿಕರ ದಾಖಲೆಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇದೋಜೀರಕ ಶಸ್ತ್ರಚಿಕಿತ್ಸೆ ತೀರಾ ವಿರಳವಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ. 16.3 ಇತ್ತು, ಅತಿ ಹೆಚ್ಚು ಮಾಡುವಲ್ಲಿ ಶೇ. 3.8. ನೆದರ್ಲೆಂಡ್ಸ್ ದೇಶವು, ಒಂದು ಆಸ್ಪತ್ರೆ ವರ್ಷಕ್ಕೆ ಕನಿಷ್ಠ 20 ವಿಪ್ಪಲ್ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ನಿಯಮ ತಂದಿತು.

ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದೂ ಇದೇ ಬಗೆಯ ಗಡ್ಡೆ. ಶಸ್ತ್ರಚಿಕಿತ್ಸೆ ಆದದ್ದು 2004ರಲ್ಲಿ. 2011ರ ಸಾವಿಗೆ ಆ ವಿಳಂಬವೇ ಕಾರಣವೆಂದು ಖಡಾಖಂಡಿತವಾಗಿ ಹೇಳುವುದು ದುಡುಕು.

ಎರಡನೆಯ ಅಭಿಪ್ರಾಯಕ್ಕೆ ಹೋಗುವವರು ವರದಿಯ ಹಾಳೆಯಷ್ಟೇ ಒಯ್ದರೆ ಸಾಲದು. ಸ್ಕ್ಯಾನಿನ ಸಿ.ಡಿ., ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕ್ ಇದ್ದರೆ ಅಲ್ಲಿನ ರೇಡಿಯಾಲಜಿಸ್ಟ್ ಮತ್ತು ಪೆಥಾಲಜಿಸ್ಟ್ ಮತ್ತೊಮ್ಮೆ ತಾವೇ ನೋಡಬಲ್ಲರು. ಎಷ್ಟೋ ಸಲ ಸಲಹೆ ಬದಲಾಗುವುದು ಆ ಮರುಪರಿಶೀಲನೆಯಲ್ಲಿ.