ಒಂದಂಕಣದ ದನಿ

ಹಾಸನಕ್ಕೆ ಹತ್ತಿರದ ಮೊಸಳೆಯಲ್ಲಿ ನಾಗೇಶ್ವರ, ಚೆನ್ನಕೇಶವ ದೇವಾಲಯಗಳು ಅವಳಿಗಳಂತೆ ಅಕ್ಕಪಕ್ಕ ನಿಂತಿವೆ. ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿ, ಸುಮಾರು 1200ರ ಹೊತ್ತಿಗೆ ಕಟ್ಟಿದವು. ಎರಡೂ ಏಕಕೂಟ, ಅಂದರೆ ಒಂದೇ ಗರ್ಭಗುಡಿಯವು; ನವರಂಗವೂ ಅಷ್ಟೇನೂ ದೊಡ್ಡದಲ್ಲ. ಗರ್ಭಗುಡಿಯ ಮಂತ್ರ ಕಂಬದ ಮರೆಯಲ್ಲಿ ನಿಂತವರಿಗೂ ಮುಟ್ಟಬೇಕಾದರೆ ಯಾರೂ ಕೂಗಬೇಕಾಗಿಲ್ಲ. ಕಂಪ್ಯೂಟರಿನ ಪಕ್ಕದಲ್ಲಿಡುವ ಅಂಗೈಯಗಲದ ಸ್ಪೀಕರ್ ಜೋಡಿಯನ್ನು ನಾವು ತೀರ ಇತ್ತೀಚಿನ ಸಾಮಾನೆಂದು ಎಣಿಸುತ್ತೇವೆ. ಆದರೆ ಹತ್ತಿರದ ಕಿವಿಗೆ ತಕ್ಕಷ್ಟೇ ದನಿ ಎನ್ನುವುದು ಈ ಸೀಮೆಯ ಬಹು ಹಳೆಯ ರೂಢಿ. ಊರಿಗೆ ಊರೇ ಕೇಳುವ ಹಾರ್ನ್ ಲೌಡ್‌ಸ್ಪೀಕರ್ ನಡುವೆ ಬಂದು ಸೇರಿಕೊಂಡದ್ದು. ಮೇಜಿನ ಸ್ಪೀಕರ್ ಕೊಳ್ಳುವವರು ಈ ಚರಿತ್ರೆಯನ್ನು ಮರೆತರೆ ಬೇಡದ್ದಕ್ಕೆ ದುಡ್ಡು ಸುರಿಯುತ್ತಾರೆ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಬೇಕಾದರೆ ಇದೇ ಜಿಲ್ಲೆಯ ಅರಕಲಗೂಡು ತಾಲೂಕಿನ ರುದ್ರಪಟ್ಟಣವನ್ನು ನೋಡಬಹುದು. ಕಾವೇರಿ ದಡದ ಆ ಊರಿನ ಸಂಗೀತ ಬೆಳೆದದ್ದು ಮನೆಯ ಪಡಸಾಲೆಯಲ್ಲಿ, ಗುರುವಿನ ಎದುರು ಶಿಷ್ಯ ಕುಳಿತಷ್ಟೇ ದೂರದಲ್ಲಿ. 1920ರಲ್ಲಿ ಅಲ್ಲಿ ಹುಟ್ಟಿದ ಗಾಯಕ ಆರ್. ಕೆ. ಶ್ರೀಕಂಠನ್ ಮುಂದೆ ಆಕಾಶವಾಣಿ ಸೇರಿ ದಶಕಗಳ ಕಾಲ ಅಲ್ಲಿ ದುಡಿದರು. ಪಡಸಾಲೆಯ ಹಾಡು ರೇಡಿಯೊಗೆ ಸಲೀಸಾಗಿ ಒಗ್ಗಿತು, ಏಕೆಂದರೆ ರೇಡಿಯೊ ಕೂಡ ಮಾತಾಡುತ್ತಿದ್ದದ್ದು ಒಂದು ಕೋಣೆಯ ಜನರ ಜೊತೆ. ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಶುರುಮಾಡಿದ ಆಕಾಶವಾಣಿಯ ಪ್ರೇಷಕದ ಶಕ್ತಿ ಬರೀ 30 ವ್ಯಾಟ್. 1955ರಲ್ಲಿ ಬೆಂಗಳೂರು ನಿಲಯ ಶುರುವಾಯಿತು. ಆ ಕಾಲದ ವಾಲ್ವ್ ರೇಡಿಯೊವನ್ನು ನೆನೆಯಿರಿ: ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಹೊದಿಕೆ, ಅದರ ಹಿಂದೆ ಕಾಗದದ ಕೋನು; ಗುಂಡಿ ತಿರುಗಿಸಿದರೆ ಮೊದಲು ದೀಪ ಹತ್ತುತ್ತಿತ್ತು, ವಾಲ್ವುಗಳು ಕಾದ ಮೇಲೆ ಮೆಲ್ಲಗೆ ದನಿ ಬರುತ್ತಿತ್ತು. ದನಿ ಹಿಗ್ಗಿಸುವ ಆಂಪ್ಲಿಫೈಯರೂ ದನಿ ಹೊರಡಿಸುವ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ. ಇಂದು ಪವರ್ಡ್ ಸ್ಪೀಕರ್ ಎಂದು ಮಾರುವುದು ಇದೇ ಏರ್ಪಾಡನ್ನು. ಸುದ್ದಿ ತರುವ ಕೆಲಸವೊಂದು ಕಂಪ್ಯೂಟರಿಗೆ ಹೋಗಿದೆ, ಅಷ್ಟೇ.

ಹಾರ್ನಿನ ಕತೆ ಬೇರೆ. ಅಮೆರಿಕದಲ್ಲಿ 1915ರ ಸುಮಾರಿಗೆ ಜೆನ್ಸನ್ ಮತ್ತು ಪ್ರಿಡಮ್ ಎಂಬಿಬ್ಬರು ಬಯಲಿನ ಜನಸಂದಣಿಗೆ ಮಾತು ಮುಟ್ಟಿಸಿ ತೋರಿಸಿದ ಸಲಕರಣೆ ಅದು. ಬಳಿಕ ಮೈಕ್ ಸೆಟ್ ಎಂಬ ಹೆಸರಿನಲ್ಲಿ ನಮ್ಮ ಮದುವೆ, ಜಾತ್ರೆ, ಚುನಾವಣೆಗೂ ಬಂತು. ಅದರೊಡನೆ ದನಿಯ ಬೆಲೆಯನ್ನು ವ್ಯಾಟ್‌ನಲ್ಲಿ ಅಳೆಯುವ ಅಭ್ಯಾಸವೂ ಬಂತು. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಮೇಜಿನೆದುರು 60 ಸೆಂಟಿಮೀಟರ್ ದೂರದ ಕಿವಿಗೆ 1 ವ್ಯಾಟ್ ಕೊಡುವ ದನಿಯನ್ನು ಅದೇ ಸ್ಪೀಕರಿನಿಂದ 30 ಮೀಟರ್ ಆಚೆ ಕೇಳಿಸಬೇಕಾದರೆ 2,500 ವ್ಯಾಟ್ ಬೇಕು. ಜಾತ್ರೆಗೆ ಈ ಲೆಕ್ಕ ಸರಿ. ಅದನ್ನೇ ಮೇಜಿಗೆ ತಂದಾಗ ಎಡವಟ್ಟಾಯಿತು. ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗಳ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ನೂರಾರು ವ್ಯಾಟ್ ಅಚ್ಚುಹಾಕಿ ಮಾರಿದ ಕಾಲವನ್ನು ಪೇಟೆ ಕಂಡಿದೆ. ಒಳಗಿದ್ದ ನಿಜವಾದ ಶಕ್ತಿ ಕೆಲವೇ ವ್ಯಾಟ್. ಆ ಕೆಲವು ವ್ಯಾಟ್ ಸಾಲದೆ ಹೋಗಿದ್ದೇನೂ ಇಲ್ಲ. ಇರುವಷ್ಟನ್ನು ಹೇಳದೆ ಮುಚ್ಚಿಟ್ಟದ್ದೇ ತಪ್ಪು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ನವರಂಗದ ಹಿತವಾದ ದನಿಯನ್ನು ಹೊಗಳುವಾಗ, ಆ ನವರಂಗದೊಳಗೆ ಕಾಲಿಡಲು ಯಾರನ್ನು ಬಿಡುತ್ತಿದ್ದರು ಎಂದು ಕೇಳಲೇಬೇಕು. ಪಡಸಾಲೆಯ ಸಂಗೀತವೂ ಎಲ್ಲರ ಪಡಸಾಲೆಯದಾಗಿರಲಿಲ್ಲ. ಹೊಸ್ತಿಲಾಚೆ ನಿಲ್ಲಿಸಿದವರಿಗೆ ಹಾರ್ನ್ ಯಾರ ಅಪ್ಪಣೆಯೂ ಇಲ್ಲದೆ ಹಾಡನ್ನೂ ಭಾಷಣವನ್ನೂ ಮುಟ್ಟಿಸಿತು. ಆ ಉಪಕಾರ ದೊಡ್ಡದು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಕೆಲಸವನ್ನು ಈಗ ತಂತಿ, ತರಂಗಗಳೇ ಮಾಡುತ್ತಿವೆ. ಯಾವ ಕೇರಿಯ ಹುಡುಗಿಯಾದರೂ ತನ್ನ ಮನೆಯಲ್ಲೇ ಕುಳಿತು ಬೇಕಾದ ಕಛೇರಿಯನ್ನು ತೆರೆದುಕೊಳ್ಳಬಹುದು. ಅದಕ್ಕಾಗಿ ಬೀದಿಯೆಲ್ಲ ನಡುಗಬೇಕಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿರುವುದೂ ಇದೇ ನೆಲೆಯಿಂದ: ಕೇಳುವ ಹಕ್ಕಿನ ಜೊತೆಗೆ ಕೇಳದಿರುವ ಹಕ್ಕೂ ನೆರೆಯವರಿಗಿದೆ.

ಪುಟ್ಟ ಪೆಟ್ಟಿಗೆಯಲ್ಲಿ ಮಂದ್ರ ಸತ್ತುಹೋಗುತ್ತದೆ ಎನ್ನುವವರೂ ಇದ್ದಾರೆ. ಅರ್ಧ ನಿಜ. 3 ಅಂಗುಲದ ಕೋನು ಸಾಮಾನ್ಯವಾಗಿ 80–100 ಹರ್ಟ್ಜ್‌ನ ಕೆಳಗೆ ಸೋಲುತ್ತದೆ. ಸಿನಿಮಾದ ಗುಡುಗು, ಸ್ಫೋಟ ಬೇಕಾದವರಿಗೆ ಅದು ಕೊರತೆಯೇ. ಆದರೆ ಒಂದು ಕಟ್ಟೆ ಶ್ರುತಿಯಲ್ಲಿ ಹಾಡುವ ಗಂಡುದನಿಯ ಷಡ್ಜ ಸುಮಾರು 130 ಹರ್ಟ್ಜ್, ಅದರ ಕೆಳಗಿನ ಪಂಚಮ 98ರ ಆಸುಪಾಸು. ರುದ್ರಪಟ್ಟಣದ ಸಂಗೀತದ ಬಹುಪಾಲು, ಹರಿಕಥೆ, ವಾರ್ತೆ, ಪಾಠ ಎಲ್ಲವೂ ಆ ಗೆರೆಯ ಮೇಲೆಯೇ ಇವೆ. ಹಾಗಾಗಿ ಅಂಗಡಿಯಲ್ಲಿ ಸದ್ದಿನ ಅಬ್ಬರಕ್ಕೆ ಮರುಳಾಗದೆ, ಒಬ್ಬ ಗಾಯಕನ ಕಛೇರಿಯನ್ನು ಮಾತಿನಷ್ಟೇ ಮೆಲ್ಲಗೆ ಹಾಕಿಸಿ ಕೇಳಬೇಕು. ತಂಬೂರಿಯ ಪಂಚಮ ಬೇರೆಯಾಗಿ ಸಿಗುತ್ತದೆಯೇ, ಮೃದಂಗದ ಎಡಗೈ ಗುಮುಕಿ ಬರೀ ಡಬಡಬ ಆಗುತ್ತದೆಯೇ ಎಂದು ಗಮನಿಸಬೇಕು. ದನಿಯ ಗುಂಡಿ ಮುಂದೆಯೇ ಇರಲಿ. ಕೊನೆಗೆ ಹಾಡು ನಿಲ್ಲಿಸಿ, ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದು ನೋಡಿ. ‘ಸ್ಸ್’ ಎಂಬ ಸದ್ದು ಕುರ್ಚಿಯವರೆಗೂ ಬರುವಂತಿದ್ದರೆ ಅದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ತೆಗೆಸಿ.