ಶಿರೂರಿನ ಫಾರ್ವರ್ಡ್ ಪುರಾಣ

ಶಿರೂರು ಅಂದ ಕೂಡಲೇ ನಮ್ಮ ಕಡೆಯವರು "ಬೈಂದೂರಿನ ಹತ್ತಿರದ್ದಾ?" ಅಂತ ಕೇಳುತ್ತಾರೆ. ಅಲ್ಲ ಮಾರಾಯ್ರೆ, ಇದು ಪುಣೆ ಜಿಲ್ಲೆಯ ಶಿರೂರು, ಘೋಡ್ ನದಿಯ ದಂಡೆಯ ಊರು. ರಾಂಜಣಗಾವ್‌ನ ಕಾರ್ಖಾನೆಗೆ ಅಂತ ಬಂದವನು ಇಲ್ಲೇ ಉಳಿದುಬಿಟ್ಟೆ.

ಈ ಊರಲ್ಲಿ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ದಂಡು ಇತ್ತು. 1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಸ್ಟಾಂಟನ್ ಸುಮಾರು 800 ಜನರೊಂದಿಗೆ ಇಲ್ಲಿಂದ ಪುಣೆಗೆ ಹೊರಟ. ರಾತ್ರಿಯಿಡೀ ನಡೆದು ಬೆಳಿಗ್ಗೆ ಭೀಮಾ ನದಿಯ ದಡದ ಕೋರೆಗಾವ್ ತಲುಪಿದಾಗ ಎದುರಿಗೆ ಎರಡನೇ ಬಾಜಿರಾಯನ ದೊಡ್ಡ ಸೈನ್ಯ. ದಿನವಿಡೀ ಕಾದಾಟ. ಕೊನೆಗೆ ಪೇಶ್ವೆಯ ಸೈನ್ಯ ಹಿಂದೆ ಸರಿಯಿತು. ಅಲ್ಲಿನ ವಿಜಯಸ್ತಂಭದ ಮೇಲೆ 49 ಹೆಸರುಗಳಿವೆ. ಅದರಲ್ಲಿ 22 ಮಹಾರ್ ಸೈನಿಕರವು, ಉಳಿದವರಲ್ಲಿ ಮರಾಠರು, ರಜಪೂತರು, ಮುಸ್ಲಿಮರೂ ಇದ್ದಾರೆ. 1927ರ ಜನವರಿ 1ರಂದು ಅಂಬೇಡ್ಕರ್ ಬಂದುಹೋದ ಮೇಲೆ ಅದು ಲಕ್ಷಾಂತರ ಜನರ ಸ್ವಾಭಿಮಾನದ ಜಾಗವಾಯಿತು.

ಇದೇ ಕತೆ ಮೊಬೈಲಿಗೆ ಬಂದಾಗ ಏನಾಯಿತು ನೋಡಿ. ಒಂದು ಗುಂಪಿನಲ್ಲಿ "500 ಜನ 28,000 ಜನರನ್ನು ಕತ್ತರಿಸಿ ಹಾಕಿದರು". ಇನ್ನೊಂದರಲ್ಲಿ "ಯುದ್ಧವೇ ಅಲ್ಲ, ಎಲ್ಲ ಬ್ರಿಟಿಷರ ಕಟ್ಟುಕತೆ". ಕಲ್ಲಿನ ಮೇಲಿನ ಹೆಸರುಗಳನ್ನು ಓದುವ ಪುರುಸೊತ್ತು ಎರಡೂ ಕಡೆ ಇಲ್ಲ.

2018ರ ಜನವರಿ 1ರಂದು, ಯುದ್ಧದ ಇನ್ನೂರನೇ ವರ್ಷಕ್ಕೆ, ಇದೇ ರಸ್ತೆಯಲ್ಲಿ ಕಲ್ಲುತೂರಾಟ, ಬೆಂಕಿ. ಯುವಕನೊಬ್ಬ ಸತ್ತ. ಅದಕ್ಕೆ ಹಳೆಯ ಗಾಯಗಳು, ರಾಜಕೀಯ, ಎಲ್ಲ ಇದ್ದವು. ಮೊಬೈಲೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಆ ರಾತ್ರಿ ನಾನೂ ಒಂದು ವಿಡಿಯೋ ಫಾರ್ವರ್ಡ್ ಮಾಡಿದ್ದೆ. "ಹುಷಾರಾಗಿರಿ" ಅಂತ, ಒಳ್ಳೆಯ ಮನಸ್ಸಿನಿಂದಲೇ! ಅದು ಬೇರೆ ಯಾವುದೋ ಊರಿನ ಹಳೆಯ ವಿಡಿಯೋ. ಸಣಸವಾಡಿ ಕಡೆಯ ಸಹೋದ್ಯೋಗಿಯೊಬ್ಬರು ವಾರದ ನಂತರ ಸಿಕ್ಕಿ, "ಭಾವೂ, ಅದನ್ನ ನೋಡಿ ನಮ್ಮ ಆಯಿ ರಾತ್ರಿಯಿಡೀ ಬಾಗಿಲ ಹತ್ತಿರವೇ ಕೂತಿದ್ದಳು" ಅಂದರು. ಬಯ್ದಿದ್ದರೆ ಚೆನ್ನಾಗಿತ್ತು.

ನಮ್ಮ ಕರ್ನಾಟಕವೇನೂ ಕಮ್ಮಿಯಿಲ್ಲ ಬಿಡಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಾಟಿಯ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಿ, ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದರು.

ಹಾಗಾದರೆ ಮದ್ದು? 2012ರಲ್ಲಿ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ತಡೆಯಿತು. 2018ರಲ್ಲಿ ವಾಟ್ಸಾಪ್ ಕೂಡ ಭಾರತದಲ್ಲಿ ಫಾರ್ವರ್ಡನ್ನು ಐದಕ್ಕೆ ಇಳಿಸಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಎಂದಿತು. ಅದರಿಂದ ಅಂಥ ಸಂದೇಶಗಳ ಓಡಾಟ 70 ಶೇಕಡಾ ಇಳಿಯಿತೆಂದು ಆ ಕಂಪನಿಯೇ ಹೇಳಿಕೊಂಡಿತು. ಅಂದರೆ ಯಾರ ಬಾಯಿಯನ್ನೂ ಮುಚ್ಚಿಸಬೇಕಿಲ್ಲ, ಓಟ ನಿಧಾನವಾದರೆ ಸಾಕು.

ನನ್ನ ಕನಸಿನ ಇಂಟರ್ನೆಟ್ ಇಷ್ಟೇ. ಪ್ರತಿ ವಿಡಿಯೋದ ಜೊತೆ ಅದು ಹುಟ್ಟಿದ ಊರು, ತಾರೀಖು ಅಂಟಿಕೊಂಡಿರಲಿ. ಸಿಟ್ಟು ತರಿಸುವುದನ್ನೇ ಹುಡುಕಿ ಮೇಲೆ ತೋರಿಸುವ ಲೆಕ್ಕಾಚಾರ ನಿಲ್ಲಲಿ. ದೂರ ಹೋದಷ್ಟೂ ಸುದ್ದಿ ನಿಧಾನವಾಗಲಿ. ಶಿರೂರಿನಿಂದ ಕೋರೆಗಾವ್‌ಗೆ ಅಂದು ಇಡೀ ಒಂದು ರಾತ್ರಿ ಬೇಕಿತ್ತು. ನನ್ನ ವಿಡಿಯೋಗೂ ಅಷ್ಟು ಹೊತ್ತು ಹಿಡಿದಿದ್ದರೆ, ಬೆಳಿಗ್ಗೆಯೊಳಗೆ ನಾನೇ ಅದನ್ನು ಅಳಿಸುತ್ತಿದ್ದೆನೋ ಏನೋ.

ನೀವೇನಂತೀರಿ?